ಹೆಸರೆತ್ತದೆ ಕೋವಿ ಆರಿಸಿದ ಫೆನ್ಯಾ ಅತ್ತೆ

ಬೆಳಗಿನ ಐದೂಕಾಲು. ಅನಿಸಿಮ್ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಹೊಳೆಗೆ ಅಡ್ಡಲಾಗಿ ಕಬ್ಬಿಣದ ಸರಳಿನ ಬೇಲಿ, ಅದರ ನಡುವೆ ಒಂದೇ ಕಿಂಡಿ. ಸಮುದ್ರದಿಂದ ಏರಿ ಬರುವ ಸಾಲ್ಮನ್ ಮೀನೆಲ್ಲ ಆ ಕಿಂಡಿಯಲ್ಲೇ ನುಸುಳಬೇಕು. ಕಿಂಡಿಯ ಮೇಲಿನ ಹಲಗೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಲಿಗಾಯಾ ಒಂದೊಂದು ಮೀನಿಗೂ ಕೈಯಲ್ಲಿರುವ ಪುಟ್ಟ ಎಣಿಕೆ ಯಂತ್ರದ ಗುಂಡಿ ಒತ್ತುತ್ತಾಳೆ. ಟಿಕ್. ಟಿಕ್. ಪಕ್ಕದಲ್ಲಿ ಸಿರಿಲ್ ಉದ್ದನೆಯ ಕೋಲಿನಿಂದ ಬೇಲಿಗೆ ಸಿಕ್ಕಿದ ಕಸ ಬಿಡಿಸುತ್ತಿದ್ದಾನೆ. ಇಬ್ಬರ ಕಣ್ಣೂ ನೀರಿನಲ್ಲಿ.

ಅವರಿಂದ ಎರಡು ಮಾರು ಈಚೆ, ಹೊಳೆಗೆ ಬೆನ್ನು ಹಾಕಿ, ಆಲ್ಡರ್ ಪೊದೆಗಳ ಕಡೆ ಮುಖ ಮಾಡಿ ಒಬ್ಬರು ನಿಂತಿದ್ದಾರೆ. ಕುಳ್ಳಗಿನ ಆಳು, ಮೊಣಕಾಲು ದಾಟುವ ರಬ್ಬರ್ ಬೂಟು, ಹಸಿರು ಮಳೆಯಂಗಿ, ಎದೆಗೆ ಅಡ್ಡಲಾಗಿ ಹಿಡಿದ ಹೊಸ ಕೋವಿ. ಐವತ್ತೊಂಬತ್ತು ವರ್ಷದ ಫೆದೋಸಿಯಾ ಕತೆಲ್ನಿಕೋಫ್. ಊರಿಗೆಲ್ಲ ಫೆನ್ಯಾ ಅತ್ತೆ. ಮೀನು ಎಣಿಸುವವರನ್ನು ಕರಡಿಯಿಂದ ಕಾಯುವುದು ಅವರ ಕೆಲಸ. ಈ ವರ್ಷದ ಕಾವಲಿಗೆ ಇದೇ ಮೊದಲ ದಿನ.

ಟಿಕ್ ಅಂದಾಗಲೆಲ್ಲ ಅವರ ಬಲ ಹೆಗಲು ಸಣ್ಣಗೆ ಅದುರುತ್ತದೆ. ಬುತ್ತಿ ಹಿಡಿದು ಜೊತೆಗೆ ಬಂದ ನನಗೆ ಅದು ಕಾಣುತ್ತದೆ, ಅದರ ಕಾರಣವೂ ಗೊತ್ತು. ಲಿಗಾಯಾ, ಸಿರಿಲ್ ಇಬ್ಬರಿಗೂ ಗೊತ್ತಿಲ್ಲ ಎಂದೇ ನಾವು ಅಂದುಕೊಂಡಿದ್ದೇವೆ. ಇವತ್ತು ಅವರಿಗೆ ಹೇಳಿಬಿಡಬೇಕು ಎಂದು ಫೆನ್ಯಾ ನಿನ್ನೆಯೇ ತೀರ್ಮಾನ ಮಾಡಿದ್ದರು. ಬೆಳಿಗ್ಗೆ ದೋಣಿ ಹತ್ತುವಾಗ ಬಾಯಿ ತೆರೆದರು, "ಚಹಾ ಫ್ಲಾಸ್ಕ್ ತಗೊಂಡ್ರೇನೇ?" ಎಂದಷ್ಟೇ ಕೇಳಿ ದೋಣಿಯ ಹಗ್ಗ ಬಿಚ್ಚಿದರು. 

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಪುಕ್ಕಲು. ಅಲಾಸ್ಕಾದ ಈ ಕೊಡಿಯಾಕ್ ದ್ವೀಪದ ಪುಟ್ಟ ಊರಿನಲ್ಲಿ ಪಾಠ ಹೇಳುತ್ತಾ ಹದಿನಾರು ವರ್ಷ ಕಳೆದರೂ ಪೊದೆ ಅಲುಗಿದರೆ ಈಗಲೂ ನನ್ನ ಬಾಯಿ ಒಣಗುತ್ತದೆ. ಇಲ್ಲಿನ ಕಂದು ಕರಡಿ ಎದ್ದು ನಿಂತರೆ ನಮ್ಮ ಶಾಲೆಯ ಬಾಗಿಲಿನ ಮೇಲಿನ ಚೌಕಟ್ಟು ಅದರ ಎದೆಮಟ್ಟಕ್ಕೆ ಬರುತ್ತದೆ. ಅಂಥದ್ದರ ದಾರಿಯಲ್ಲಿ ದಿನಕ್ಕೆ ಹತ್ತು ಗಂಟೆ ಹೆಂಗಸೊಬ್ಬಳು ನಿಂತಿರುತ್ತಾಳೆ ಎಂದರೆ ಪತ್ರಿಕೆಯವರಿಗೆ ಸುದ್ದಿಯಲ್ಲ. ಇಷ್ಟು ಸಾವಿರ ಮೀನು ಏರಿತು ಎಂಬುದಷ್ಟೇ ಪ್ರತಿ ವರ್ಷ ಅಚ್ಚಾಗುತ್ತದೆ.

ಫೆನ್ಯಾ ಅವರ ಲೆಕ್ಕವೂ ಚಿಕ್ಕದಲ್ಲ. ಇದು ಇಪ್ಪತ್ತೇಳನೆಯ ಬೇಸಿಗೆ. ಜೂನ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ನೂರಿಪ್ಪತ್ತೆರಡು ದಿನ. ಹೋದ ವರ್ಷ ಕರಡಿ ಬೇಲಿಯ ಹತ್ತಿರ ಬಂದದ್ದು ನಲವತ್ತೊಂದು ಸಲ. ಇಷ್ಟೂ ವರ್ಷದಲ್ಲಿ ಅವರು ಕರಡಿಯ ಮೇಲೆ ಹಾರಿಸಿದ ಗುಂಡು, ಒಂದೂ ಇಲ್ಲ.

"ಮತ್ತೆ ಹ್ಯಾಗೆ ಓಡಿಸ್ತೀರಿ?" ಎಂದು ಕೇಳಿದೆ.

"ಓಡಿಸೋಕೆ ನಾನ್ಯಾರು ಟೀಚರಮ್ಮ? ಹೊಳೆ ಅವರದ್ದು. ಮರ್ಯಾದೆಯಿಂದ ಹೇಳ್ತೀನಿ. 'ಅಣ್ಣಾ, ಇಲ್ಲಿ ಜನ ಇದೀವಿ, ಸ್ವಲ್ಪ ಮೇಲ್ಗಡೆಯಿಂದ ದಾಟು' ಅಂತ. ಕೇಳ್ತಾರೆ. ನಮ್ಮ ಊರಿನ ಗಂಡಸರಿಗಿಂತ ವಾಸಿ."

ಈ 'ಅವರು' ಎಂಬುದನ್ನು ಗಮನಿಸಿ. ಫೆನ್ಯಾ ಅವರ ಮನೆಯಲ್ಲಿ ಕರಡಿಯ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ದೊಡ್ಡವರು, ಗುಡ್ಡದವರು, ಅಣ್ಣ, ಹೀಗೆ ಏನಾದರೂ ಅನ್ನಬೇಕು. ಹೆಸರೆತ್ತಿದರೆ ಅವರಿಗೆ ಕೇಳಿಸುತ್ತದೆ ಎಂದು ಫೆನ್ಯಾ ಅವರ ಅಮ್ಮ ಹೇಳಿಕೊಟ್ಟದ್ದು. ಜಂಬ ಕೊಚ್ಚಿದರಂತೂ ಅವರು ನೋಡಲೆಂದೇ ಬರುತ್ತಾರೆ. ಇನ್ನೊಂದು ನಿಯಮವೂ ಇದೆ. ಎದುರಿಗೆ ಬಂದು ಏನೂ ಮಾಡದೆ ಹೋದವರ ಮಾತನ್ನು ಆಮೇಲೆ ಎತ್ತಬಾರದು. ಬಿಟ್ಟು ಹೋದದ್ದು ಅವರ ದೊಡ್ಡತನ, ಅದನ್ನು ಹರಟೆ ಮಾಡಬಾರದು. ಹೊಳೆಯಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಫೆನ್ಯಾ ಮೊದಲ ದಿನವೇ ಇದನ್ನು ಬಾಯಿಪಾಠ ಮಾಡಿಸುತ್ತಾರೆ.

ಹಾಗಾದರೆ ಹೆಗಲು ಅದುರುವ ಕಾರಣ ನನಗೆ ಹೇಳಿದ್ದು ಹೇಗೆ? ಅದೊಂದು ತಮಾಷೆ. ಹೋದ ಫೆಬ್ರವರಿಯಲ್ಲಿ ಅವರ ಮನೆಗೆ ಮೀನಿನ ಪಿರೋಕ್ ತಿನ್ನಲು ಹೋಗಿದ್ದೆ. ಮೀನು, ಅನ್ನ, ಕೋಸು ತುಂಬಿ ಬೇಯಿಸಿದ ಆ ಕಡುಬನ್ನು ಅವರು ಬಡಿಸಿದರೇ ಹೊರತು ತಾವು ಮುಟ್ಟಲಿಲ್ಲ. ಮುಖ ಇಳಿದುಹೋಗಿತ್ತು. ಏನಾಗಿದೆ ಎಂದು ಕೇಳಿದ್ದಕ್ಕೆ ಎದ್ದು ಕಿಟಕಿ ಮುಚ್ಚಿ ಬಂದರು.

"ನಿಮ್ಮ ಭಾಷೆಲಿ ದೊಡ್ಡೋರಿಗೆ ಏನಂತಾರೆ?"

"ಕರಡಿ."

"ಕ-ರಾ-ದಿ." ನಾಲಿಗೆ ಮೇಲೆ ಇಟ್ಟು ರುಚಿ ನೋಡಿದರು. "ಅವರಿಗೆ ನಮ್ಮ ದ್ವೀಪದ ಭಾಷೆ ಬರುತ್ತೆ, ರಷ್ಯನ್ ಬರುತ್ತೆ, ಇಂಗ್ಲಿಷ್ ಬರುತ್ತೆ. ನಿಮ್ಮದು ಬರಲಿಕ್ಕಿಲ್ಲ. ಇಷ್ಟು ದೂರದ್ದು ಎಲ್ಲಿ ಕಲಿತಿರ್ತಾರೆ? ಸರಿ, ಕೂತ್ಕೊ. ಕರಾದಿ ವಿಷ್ಯ ಹೇಳ್ತೀನಿ."

ಆ ದಿನ ಹೇಳಿದ್ದು ಇದು. ಹಿಂದಿನ ಸೆಪ್ಟೆಂಬರಿನ ಮೂರನೇ ವಾರ, ಮಳೆ. ಲಿಗಾಯಾ, ಸಿರಿಲ್ ಇಬ್ಬರೂ ಬೇಲಿಯ ಕಸ ತೆಗೆಯುತ್ತಿದ್ದರು. ಪೊದೆ ಸೀಳಿಕೊಂಡು ಒಂದು ಗಂಡು ಕರಡಿ ನೇರವಾಗಿ ಓಡಿ ಬಂತು, ಮಾತಿಗೆ ಅವಕಾಶವನ್ನೇ ಕೊಡದೆ. ಫೆನ್ಯಾ ತಮ್ಮ ಅಪ್ಪನ ಕಾಲದ ಕೋವಿಯ ಲಿವರ್ ಎಳೆದರು. ಹತ್ತು ಹೆಜ್ಜೆಗೆ ಬಂದಾಗ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಟ್ರಿಗರ್ ಒತ್ತಿದರು.

ಟಿಕ್.

"ಅಷ್ಟೇ. ಢಂ ಅನ್ನಲಿಲ್ಲ. ಒಳಗೆ ಏನೂ ಇರ್ಲಿಲ್ಲ."

ಕರಡಿ ನಾಲ್ಕು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತಿತು. ಬುಸ್ಸೆಂದು ಉಸಿರು ಬಿಟ್ಟಿತು. ಆ ಉಸಿರು ಮುಖಕ್ಕೆ ತಾಗಿತು ಎಂದು ಫೆನ್ಯಾ ಕೆನ್ನೆ ಮುಟ್ಟಿ ತೋರಿಸಿದರು. ಆಮೇಲೆ ಅದು ತಿರುಗಿ, ಅವಸರವಿಲ್ಲದೆ, ಬಂದ ದಾರಿಯಲ್ಲೇ ಹೋಯಿತು. ಹಿಂದಿದ್ದ ಇಬ್ಬರೂ ಏನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹೊಳೆಯ ಸದ್ದಿನಲ್ಲಿ ಟಿಕ್ ಎಂದದ್ದು ಅವರಿಗೆ ಕೇಳಿಸಿರಲಾರದು, ಬೇಕೆಂದೇ ಗುಂಡು ಹಾರಿಸಲಿಲ್ಲ ಎಂದುಕೊಂಡಿರಬೇಕು ಎಂದು ಇವರ ನಂಬಿಕೆ.

ಈ ಕೋವಿಯ ಮರ್ಮ ಸ್ವಲ್ಪ ಹೇಳಬೇಕು. ಜೊತೆಯಲ್ಲಿ ಜನ ಓಡಾಡುವಾಗ ನಳಿಕೆಯೊಳಗೆ ತೋಟಾ ಇಟ್ಟುಕೊಳ್ಳುವಂತಿಲ್ಲ, ಅದು ಮೀನು ಸಮೀಕ್ಷೆಯ ಕಚೇರಿಯ ಕಟ್ಟಪ್ಪಣೆ. ಹೆಬ್ಬೆರಳು ಗಾತ್ರದ ನಾಲ್ಕು ತೋಟಾ ನಳಿಕೆಯ ಕೆಳಗಿನ ಕೊಳವೆಯಲ್ಲಿ ಮಲಗಿರುತ್ತವೆ. ಟ್ರಿಗರ್ ಸುತ್ತಲಿನ ಬಳೆಯಂಥ ಲಿವರನ್ನು ಪೂರ್ತಿ ಕೆಳಕ್ಕೆ ತಳ್ಳಿ, ಪೂರ್ತಿ ಮೇಲಕ್ಕೆ ಎಳೆದರೆ ಒಂದು ತೋಟಾ ಏರಿ ನಳಿಕೆಯೊಳಗೆ ಕೂರುತ್ತದೆ. ಗಾಬರಿಯಲ್ಲಿ ಮುಕ್ಕಾಲು ತಳ್ಳಿ ಎಳೆದುಬಿಟ್ಟರೆ ಏನೂ ಏರುವುದಿಲ್ಲ. ಕೋವಿ ಮಾತ್ರ ಸಿದ್ಧವಾದ ಹಾಗೆಯೇ ಕಾಣುತ್ತದೆ. ಅದೇ ಭಯ ಹುಟ್ಟಿಸುವ ವಿಷಯ.

ಫೆನ್ಯಾ ಕೋವಿ ಕೈಕೊಟ್ಟಿತು ಎಂದುಕೊಂಡು ಅದನ್ನು ಕೊಡಿಯಾಕ್ ಪಟ್ಟಣದ ಅರ್ವಿಡ್ ಬಳಿಗೆ ಒಯ್ದರು. ಅರ್ವಿಡ್ ಎಪ್ಪತ್ತು ದಾಟಿದ ಕೋವಿ ರಿಪೇರಿಯವನು, ಅಂಗಡಿಯೂ ಅವನದೇ. ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ನೂರು ಸಲ ಲಿವರ್ ಆಡಿಸಿದ. ಆಮೇಲೆ ಫೆನ್ಯಾ ಕೈಗೆ ಕೊಟ್ಟು ಆಡಿಸಲು ಹೇಳಿ, ಕೋವಿಯನ್ನು ಬಿಟ್ಟು ಅವರ ಕೈಯನ್ನೇ ನೋಡಿದ.

"ಕೋವಿ ಸರಿಯಾಗಿದೆ ಫೆನ್ಯಾ," ಅಂದ. "ಹೆಬ್ಬೆರಳು ನೋಡ್ಕೊ."

ಇಪ್ಪತ್ತು ಚಳಿಗಾಲ ಮೀನಿನ ಕಾರ್ಖಾನೆಯಲ್ಲಿ ತಣ್ಣೀರಲ್ಲಿ ನಿಂತು ಮೀನು ಸೀಳಿದ ಹೆಬ್ಬೆರಳು. ಬುಡದ ಗೆಣ್ಣು ಅಡಿಕೆಯಷ್ಟು ದಪ್ಪ ಊದಿಕೊಂಡಿದೆ, ಮಡಿಸಿದರೆ ಪೂರ್ತಿ ಬಿಚ್ಚುವುದಿಲ್ಲ. ಹಳೇ ಕೋವಿಯ ಲಿವರ್ ಬಳೆ ಚಿಕ್ಕದು, ಬಿಗಿ. ಚಳಿಯಲ್ಲಿ ಕೈಗವಸು ಹಾಕಿದರೆ ಎರಡು ಬೆರಳೂ ನೆಟ್ಟಗೆ ತೂರುವುದಿಲ್ಲ. ಕೋವಿ ಕೈಕೊಟ್ಟಿರಲಿಲ್ಲ, ಕೈಯೇ ಕೋವಿಗೆ ಕೈಕೊಟ್ಟಿತ್ತು.

"ಆ ಮಾತು ಕೇಳಿ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ," ಅಂದರು ಫೆನ್ಯಾ. "ಕೋವಿ ಕೆಟ್ಟಿದ್ರೆ ಬೇರೆ ತಗೋಬಹುದು. ಕೈಗೆ ಎಲ್ಲಿಗೆ ಹೋಗ್ಲಿ? ಇನ್ನೊಂದು ಯೋಚನೆ ನೋಡು. ಅದು ಹಾರಿದ್ರೆ ಆ ಕರಾದಿ ಸತ್ತಿರೋದು, ಪಾಪ, ಸುಮ್‌ಸುಮ್ನೆ. ಹಾರಲಿಲ್ಲ, ಬದುಕ್ತು. ಆದ್ರೆ ಅದು ನಿಲ್ಲದೇ ಇದ್ದಿದ್ರೆ? ನಾನು ಹೋಗ್ಲಿ, ಆ ಇಬ್ಬರು? ಲಿಗಾಯಾಗೆ ಚಿಕ್ಕ ಮಗಳಿದೆ."

ಕೆಲಸ ಬಿಟ್ಟುಬಿಡಿ ಎಂದೆ. ಕಣ್ಣು ಕೆಂಪಗೆ ಮಾಡಿದರು. "ಬಿಟ್ರೆ ಯಾರು ಬರ್ತಾರೆ ಗೊತ್ತಾ? ಅಮೆರಿಕದ ಕೆಳಗಿನ ರಾಜ್ಯಗಳಿಂದ ಯಾವನೋ ಕೈ ತುರಿಸ್ಕೊಂಡು ಬರ್ತಾನೆ. ಮೊದಲ ವಾರದಲ್ಲೇ ಕರಾದಿದು ಒಂದು ಹೆಣ ಬೀಳುತ್ತೆ. ಹೋದ ಸಲ ಪಕ್ಕದ ಹೊಳೆಲಿ ಬೀಳಲಿಲ್ವಾ?" ಆದ್ದರಿಂದ ಕೈಗೆ ಒಗ್ಗುವ ಕೋವಿಯೇ ಸಿಗಬೇಕು. ಕಾವಲಿನವರಿಗೆ ಕಚೇರಿ ಮೇ ಕೊನೆಯ ವಾರ ಇಡುವ ಗುರಿ ಪರೀಕ್ಷೆಯಲ್ಲಿ ಗೆಲ್ಲಬೇಕು. ಆಮೇಲೆ ಹೋದ ವರ್ಷದ ಸತ್ಯವನ್ನು ಆ ಇಬ್ಬರಿಗೂ ಹೇಳಬೇಕು. ಮೂರನೆಯದೇ ಅವರಿಗೆ ಎಲ್ಲಕ್ಕಿಂತ ಕಷ್ಟ, ಅದಕ್ಕೆ ಅಮ್ಮನ ನಿಯಮ ಅಡ್ಡ ಬರುತ್ತದೆ.

ಪರೀಕ್ಷೆ ಶುಕ್ರವಾರ. ಬುಧವಾರ ನಾವಿಬ್ಬರೂ ಪುಟ್ಟ ವಿಮಾನ ಹತ್ತಿ ಅರ್ವಿಡ್ ಅಂಗಡಿಗೆ ಬಂದೆವು.

ಇಂಥ ಕೋವಿ ಆರಿಸುವುದನ್ನು ನೋಡಿದ್ದು ಅದೇ ಮೊದಲು. ನಾನು ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸುವ ಹಾಗೆ ಇರಬಹುದು ಎಂದುಕೊಂಡಿದ್ದೆ. ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಯಾತಕ್ಕೆ ಬೇಕು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಗಿರಾಕಿ "ಡೇರೆ ಗೂಟ ಹೊಡೆಯೋಕೆ ಬೇಕಿತ್ತು" ಅನ್ನುತ್ತಾನೆ, ಅರ್ವಿಡ್ ಗೋಣಾಡಿಸಿ ದಪ್ಪ ನಳಿಕೆಯದನ್ನು ತೆಗೆದು ಇಡುತ್ತಾನೆ. ಫೆನ್ಯಾ ಮಳೆಯಂಗಿ, ಕೈಗವಸು ಎಲ್ಲ ಹಾಕಿಕೊಂಡೇ ನಿಂತರು. "ಹೊಳೆಲಿ ಹಾಕ್ಕೊಳ್ಳೋದನ್ನ ಇಲ್ಲೂ ಹಾಕ್ಕೋಬೇಕು. ಅಂಗಡಿಲಿ ಚೆನ್ನಾಗಿ ಕಂಡಿದ್ದು ಮಳೆಲಿ ಹಾಗಿರಲ್ಲ."

ಮೊದಲನೆಯದು ಥಳಥಳ ಹೊಳೆಯುವ ತುಕ್ಕು ಹಿಡಿಯದ ಉಕ್ಕಿನದು. ಉಪ್ಪುಗಾಳಿಗೆ ಒಳ್ಳೆಯದು, ಆದರೆ ಲಿವರ್ ಬಳೆ ಚಿಕ್ಕದು. ಎರಡನೆಯದು ಹೂವಿನಷ್ಟು ಹಗುರ. ಹತ್ತು ಗಂಟೆ ಹೊತ್ತು ನಿಲ್ಲುವವರಿಗೆ ಹಗುರವೇ ಬೇಕು ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಅರ್ವಿಡ್ ನನ್ನನ್ನು ಕರುಣೆಯಿಂದ ನೋಡಿ, "ಹಗುರದ್ದು ಕತ್ತೆ ಒದ್ದ ಹಾಗೆ ಒದೆಯುತ್ತೆ ಮೇಡಂ," ಅಂದ. ಮೂರನೆಯದು ಅರ್ಧ ಕಿಲೋ ಹೆಚ್ಚು ಭಾರ, ಕಪ್ಪಗೆ, ನೋಡಲು ಸಾಧಾರಣ. ಲಿವರ್ ಬಳೆ ಮಾತ್ರ ದೊಡ್ಡದು. ಫೆನ್ಯಾ ಅವರ ಗವಸು ಹಾಕಿದ ನಾಲ್ಕೂ ಬೆರಳು ಸಲೀಸಾಗಿ ಒಳಗೆ ಹೋದವು. ಹೆಬ್ಬೆರಳಿನ ಹಂಗೇ ಇಲ್ಲದೆ ಮೊಣಕೈಯಿಂದಲೇ ತಳ್ಳಬಹುದು. ಕಟಕ್, ಖಟ್. ಮತ್ತೊಮ್ಮೆ. ಮೂವತ್ತು ಸಲ ಆಡಿಸಿದರು, ಒಂದೂ ಅರ್ಧಕ್ಕೆ ನಿಲ್ಲಲಿಲ್ಲ. ಅವರ ಮುಖದಲ್ಲಿ ಎಷ್ಟೋ ತಿಂಗಳ ನಂತರ ಸ್ವಲ್ಪ ಬಣ್ಣ ಬಂತು. ನನಗೆ ಅಳುವೇ ಬರುವಂತಾಯಿತು.

ಆಗಲೇ ಆದದ್ದು ಅನಾಹುತ. ಡ್ವೇನ್ ಎಂಬ ಹೊಸ ಮಾರಾಟದವನು, ಟೆಕ್ಸಸ್‌ನಿಂದ ಬಂದು ಎರಡು ತಿಂಗಳಾಗಿದೆ, ಮೂವತ್ತು ದಾಟಿದ ಒಳ್ಳೆ ಮನುಷ್ಯ, ಗಿರಾಕಿ ಒಲಿಯಿತು ಎಂಬ ಖುಷಿಯಲ್ಲಿ ಕೌಂಟರ್ ಮೇಲೆ ಕೈ ಬಡಿದ.

"ಅಮ್ಮಾ, ಕಣ್ಣು ಮುಚ್ಕೊಂಡು ತಗೊಳ್ಳಿ! ಇದೊಂದಿದ್ರೆ ಈ ದ್ವೀಪದಲ್ಲಿರೋ ಎಂಥಾ ಇದೂ ಒಂದೇ ಏಟಿಗೆ ನೆಲಕ್ಕೆ. ಬರ್ಲಿ ನೋಡೋಣ!"

'ಇದು' ಎಂದು ಬರೆದದ್ದು ನಾನು. ಅವನು ಹೆಸರು ಹಿಡಿದೇ ಹೇಳಿದ, ಗಟ್ಟಿಯಾಗಿ.

 ಗಾಳದ ಕೊಕ್ಕೆ ಆರಿಸುತ್ತಿದ್ದ ಮುದುಕನೊಬ್ಬ ಕೊಕ್ಕೆಗಳನ್ನು ಅಲ್ಲೇ ಇಟ್ಟು ಹೊರಗೆ ನಡೆದ. ಅರ್ವಿಡ್ ಕಣ್ಣು ಮುಚ್ಚಿಕೊಂಡ. ಫೆನ್ಯಾ ಕೋವಿಯನ್ನು ಮಲಗಿದ ಕೂಸಿನ ಹಾಗೆ ಮೆಲ್ಲಗೆ ಕೌಂಟರ್ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಬೇಡ," ಅಂದರು.

"ಅತ್ತೆ, ಅವನೇನೋ ಗೊತ್ತಿಲ್ದೆ..." ಎಂದೆ ನಾನು.

"ಬೇಡ ಅಂದೆನಲ್ಲ. ಇದನ್ನ ಹಿಡ್ಕೊಂಡು ಹೊಳೆಗೆ ಹೋದ್ರೆ, 'ಬರ್ಲಿ' ಅಂದೋಳು ನಾನು ಅಂದ್ಕೋತಾರೆ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಎಂಥ ಹಟ! ಮುಂದಿನ ಸರಕು ಬರುವುದು ಹದಿನೈದು ದಿನಕ್ಕೆ. ಶುಕ್ರವಾರ ತಪ್ಪಿದರೆ ಈ ವರ್ಷದ ಕೆಲಸ ಇನ್ಯಾರಿಗೋ. ಆದರೆ ಇಪ್ಪತ್ತಾರು ವರ್ಷ ಅವರನ್ನು ಕಾದದ್ದು ಕೋವಿಯಲ್ಲ, ಈ ಮರ್ಯಾದೆಯೇ ಎಂದು ಅವರು ನಂಬಿದ್ದಾರೆ. ಅದನ್ನು ಬಿಡು ಎನ್ನಲು ನಾನು ಯಾರು?

ಅರ್ವಿಡ್ ಉಳಿದೆರಡನ್ನು ತೆಗೆದುಕೊಂಡು ಅಂಗಡಿ ಹಿಂದಿನ ಗುರಿ ಅಭ್ಯಾಸದ ಬಯಲಿಗೆ ನಡೆದ. ಅವನದ್ದೊಂದು ಉಪಾಯವಿದೆ. ಮದ್ದು ತುಂಬಿದ ತೋಟಾಗಳ ನಡುವೆ ಒಂದೆರಡು ಸತ್ತ ತೋಟಾ ಸೇರಿಸಿ ತಾನೇ ತುಂಬಿಕೊಡುತ್ತಾನೆ. ಯಾವುದು ಯಾವಾಗ ಬರುತ್ತದೆ ಎಂದು ಹಾರಿಸುವವರಿಗೆ ತಿಳಿಯದು. ಸತ್ತದ್ದು ಬಂದಾಗ ಗುಂಡೂ ಇಲ್ಲ, ಒದೆತವೂ ಇಲ್ಲ, ಆದರೆ ಒದೆತಕ್ಕೆ ಹೆದರಿದವರ ನಳಿಕೆ ತಾನಾಗಿ ತಲೆ ತಗ್ಗಿಸುತ್ತದೆ. ಹಗುರ ಕೋವಿಯಲ್ಲಿ ಎರಡು ನಿಜವಾದ ಏಟು ತಿಂದ ಮೇಲೆ ಸತ್ತ ತೋಟಾ ಬಂತು. ನಳಿಕೆ ಒಂದು ಗೇಣು ಕೆಳಗೆ ಬಿತ್ತು. ಫೆನ್ಯಾ ಕಣ್ಣು ಗಟ್ಟಿಯಾಗಿ ಮುಚ್ಚಿದ್ದನ್ನು ನಾವೆಲ್ಲ ನೋಡಿದೆವು. ಇನ್ನೊಂದು ಕೋವಿಯ ಲಿವರ್ ಎರಡನೇ ಸಲಕ್ಕೇ ಅರ್ಧದಲ್ಲಿ ನಿಂತಿತು. ಟಿಕ್. ಅವರು ಕೋವಿ ಕೆಳಗಿಟ್ಟು ಮುಖ ತಿರುಗಿಸಿಕೊಂಡರು.

ಅರ್ವಿಡ್ ಗಡ್ಡ ಕೆರೆದುಕೊಂಡ. ಆಮೇಲೆ ಅಂಗಡಿಗೆ ಹೋಗಿ ಡ್ವೇನನ ತೋಳು ಹಿಡಿದು ಹೊರಗೆ ಕರೆತಂದು ಕಾರು ನಿಲ್ಲಿಸುವ ಜಾಗದಲ್ಲಿ, ಊರ ಹಿಂದಿನ ಬೆಟ್ಟದ ಕಡೆಗೆ ಮುಖ ಮಾಡಿಸಿ ನಿಲ್ಲಿಸಿದ.

"ಟೋಪಿ ತೆಗಿ. ತಪ್ಪಾಯ್ತು ಅನ್ನು."

"ಯಾರಿಗೆ ಸರ್?"

"ಕೇಳಿಸ್ಕೊಂಡೋರಿಗೆ."

ಡ್ವೇನ್ ನಕ್ಕ. ಅರ್ವಿಡ್ ಮುಖ ನೋಡಿ ನಗು ನಿಲ್ಲಿಸಿದ. ಫೆನ್ಯಾ ಮುಖ ನೋಡಿ ಟೋಪಿ ತೆಗೆದ. ಕಾರಿನಿಂದ ಇಳಿಯುತ್ತಿದ್ದ ಇಬ್ಬರು ಹೆಂಗಸರು ಕಾರಿನ ಬಾಗಿಲು ಮೆಲ್ಲಗೆ ಮುಚ್ಚಿ ನಿಂತರು, ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

"ತಪ್ಪಾಯ್ತು," ಅಂದ ಡ್ವೇನ್ ಬೆಟ್ಟಕ್ಕೆ. "ನಾನು ಹೊಸಬ. ಗೊತ್ತಿಲ್ದೆ ಬಾಯಿ ಜಾರ್ತು. ಇನ್ನೊಂದ್ಸಲ ಅನ್ನಲ್ಲ."

"ಆ ಮಾತು ನನ್ನದಲ್ಲ ಅಂತ ಹೇಳು," ಎಂದರು ಫೆನ್ಯಾ ಮೆಲ್ಲಗೆ.

"ಆ ಮಾತು ಈ ಅಮ್ಮನದ್ದಲ್ಲ. ನನ್ನದು. ಅವರು ಪಾಪ ಏನೂ ಅಂದಿಲ್ಲ." ಹೇಳುತ್ತಾ ಹೇಳುತ್ತಾ ಅವನ ದನಿ ನಿಜವಾಗಿಯೂ ಇಳಿಯಿತು. ಆ ಮನುಷ್ಯನ ಮೇಲಿದ್ದ ನನ್ನ ಕೋಪವೂ ಅಲ್ಲಿಗೆ ಇಳಿಯಿತು.

ಫೆನ್ಯಾ ಕಪ್ಪು ಕೋವಿ ಎತ್ತಿಕೊಂಡರು. ಎಲ್ಲಕ್ಕಿಂತ ಜೋರಾದ ತೋಟಾ ಬೇಡ, ಭಾರವಾದ ಗಟ್ಟಿ ಗುಂಡಿನ, ಸ್ವಲ್ಪ ನಿಧಾನ ಹೋಗುವ ತೋಟಾ ಸಾಕು ಎಂದ ಅರ್ವಿಡ್. ಹತ್ತಿರದ ಏಟಿಗೆ ವೇಗಕ್ಕಿಂತ ಭಾರವೇ ಕೆಲಸ ಮಾಡುತ್ತದೆ, ಒದೆತವೂ ಕಡಿಮೆ. ಮತ್ತೆ ಬಯಲಿನಲ್ಲಿ ಹಾರಿಸುವಾಗ ನಡುವೆ ಸತ್ತ ತೋಟಾ ಬಂದರೂ ನಳಿಕೆ ಅಲುಗಲಿಲ್ಲ. ಅರ್ವಿಡ್ ಕೋವಿಯ ಮರದ ಹಿಡಿಯನ್ನು ಅವರ ತೋಳಿಗೆ ತಕ್ಕಂತೆ ಅರ್ಧ ಇಂಚು ಕೊಯ್ದು, ತುದಿಗೆ ರಬ್ಬರ್ ಮೆತ್ತೆ ಅಂಟಿಸಿಕೊಟ್ಟ.

ಶುಕ್ರವಾರದ ಪರೀಕ್ಷೆ ಒಂದು ನಿಮಿಷವೂ ಹಿಡಿಯಲಿಲ್ಲ.  ಚಕ್ರದ ಮೇಲಿನ ಹಲಗೆಯೊಂದನ್ನು ಹಗ್ಗ ಕಟ್ಟಿ ಇಪ್ಪತ್ತೈದು ಹೆಜ್ಜೆಯಿಂದ ಇವರ ಕಡೆಗೆ ಜೋರಾಗಿ ಎಳೆಯುತ್ತಾರೆ. ಐದು ಹೆಜ್ಜೆಗೆ ಬರುವುದರೊಳಗೆ ಖಾಲಿ ನಳಿಕೆಯಿಂದ ಶುರುಮಾಡಿ ನಾಲ್ಕು ಗುಂಡು, ಮೂರು ತಾಗಬೇಕು. ಮೂರು ತಾಗಿದವು. ಕಚೇರಿಯವನು ಸಹಿ ಹಾಕಿದ. ನಾನು ಕುಣಿದಾಡಿದೆ. ಫೆನ್ಯಾ ನಗಲಿಲ್ಲ.

"ಹಲಗೆಗೇನು ಟೀಚರಮ್ಮ, ಅದಕ್ಕೆ ಉಸಿರಿಲ್ಲ. ಆ ಇಬ್ಬರು ನನ್ನ ಬೆನ್ನು ನಂಬಿ ನೀರು ನೋಡ್ಕೊಂಡು ಕೂರ್ತಾರೆ. ನಡೆದದ್ದು ಅವರಿಗೆ ಗೊತ್ತಿಲ್ದೆ ನಂಬಿದ್ರೆ ಅದು ನಂಬಿಕೆ ಅಲ್ಲ, ನಾನು ಮಾಡೋ ಮೋಸ."

ಈಗ ಹೊಳೆಯ ಬಳಿ ಗಂಟೆ ಒಂಬತ್ತಾಗಿದೆ. ಲಿಗಾಯಾಳ ಯಂತ್ರದಲ್ಲಿ ಆರುನೂರ ಹನ್ನೆರಡು. ಮಂಜು ಹರಿದಿದೆ. ನಾನು ಒಣಮೀನು, ಗಟ್ಟಿ ಬಿಸ್ಕತ್ತು ಬಿಚ್ಚುತ್ತಿರುವಾಗ ಫೆನ್ಯಾ ಎಡಗೈ ಎತ್ತುತ್ತಾರೆ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು ಎಂದು ಅದರ ಅರ್ಥ.

ಪೊದೆ ಅಲುಗುತ್ತದೆ. ಮೂವತ್ತು ಹೆಜ್ಜೆ ಆಚೆ ಒಂದು ತಾಯಿ, ಹಿಂದೆಯೇ ಎರಡು ಮರಿ. ತಾಯಿ ಕರಡಿ ನಮ್ಮನ್ನು ನೋಡಿ ಕಿವಿ ಹಿಂದಕ್ಕೆ ಮಡಚುತ್ತದೆ. ನನ್ನ ಕೈಯಲ್ಲಿದ್ದ ಬಿಸ್ಕತ್ತು ಬಿದ್ದದ್ದೂ ತಿಳಿಯಲಿಲ್ಲ.

ಕಟಕ್, ಖಟ್. ಫೆನ್ಯಾ ಲಿವರ್ ಪೂರ್ತಿ ಕೆಳಕ್ಕೆ ಹೋಗಿ ಪೂರ್ತಿ ಮೇಲಕ್ಕೆ ಬಂದಿದೆ. ಕೋವಿ ಭುಜಕ್ಕೇರಿದೆ.

"ಅಕ್ಕಾ," ಎನ್ನುತ್ತಾರೆ, ಪಕ್ಕದ ಮನೆಯವಳನ್ನು ಮಾತಾಡಿಸುವ ದನಿಯಲ್ಲಿ. "ಮಕ್ಕಳನ್ನ ಕರ್ಕೊಂಡು ಬಂದಿದೀಯಾ. ಚೆನ್ನಾಗಿದಾವೆ. ನಮ್ಮದೇನೂ ತಕರಾರಿಲ್ಲ. ಮೇಲ್ಗಡೆ ನೀರು ಕಮ್ಮಿ ಇದೆ, ಅಲ್ಲಿ ದಾಟು. ಹೋಗು ತಾಯಿ."

ತಾಯಿ ಕರಡಿ ಮೂಗೆತ್ತಿ ಗಾಳಿ ಮೂಸುತ್ತದೆ. ಒಂದು ಹೆಜ್ಜೆ ಮುಂದೆ ಬರುತ್ತದೆ. ಇನ್ನೊಂದು. ಎಷ್ಟು ಹೊತ್ತೋ ಗೊತ್ತಿಲ್ಲ, ನಾನು ಎಣಿಸುವ ಸ್ಥಿತಿಯಲ್ಲಿ ಇರಲಿಲ್ಲ. ಆಮೇಲೆ ಅದು ಮರಿಗಳ ಕಡೆಗೆ ಗುರ್ ಎಂದು ತಿರುಗಿ ಮೇಲಿನ ದಾರಿ ಹಿಡಿಯುತ್ತದೆ. ಪೊದೆ ಅಲುಗುವುದು ನಿಂತು ಬಹಳ ಹೊತ್ತಿನವರೆಗೂ ಫೆನ್ಯಾ ಕೋವಿ ಇಳಿಸುವುದಿಲ್ಲ. ಇಳಿಸಿದ ಮೇಲೆ ತೋಟಾ ಹೊರತೆಗೆದು ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಇದೆ. ಹಿತ್ತಾಳೆಯದು, ದಪ್ಪಗೆ, ನಿಜವಾಗಿಯೂ ಇದೆ.

ಅವರು ಇಬ್ಬರ ಕಡೆ ತಿರುಗುತ್ತಾರೆ.

"ನಮ್ಮಮ್ಮ ಬೈದ್ರೆ ಬೈಲಿ. ನಿಮಗೊಂದು ಹೇಳ್ಬೇಕು. ಹೋದ ಸೆಪ್ಟೆಂಬರ್‌ನಲ್ಲಿ ಆ ದಿನ ನನ್ನ ಕೋವಿ ಖಾಲಿ ಇತ್ತು. ನಾನೇ ಲಿವರ್ ಪೂರ್ತಿ ತಳ್ಳಿರ್ಲಿಲ್ಲ. ತಪ್ಪು ಕೋವಿದಲ್ಲ, ನನ್ನದು. ಬೇರೆಯವರು ಕಾವಲಿಗೆ ಬೇಕು ಅಂದ್ರೆ ಈಗ್ಲೇ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

ಲಿಗಾಯಾ ಸಿರಿಲ್ ಮುಖ ನೋಡುತ್ತಾಳೆ. ಸಿರಿಲ್ ಹೊಳೆ ನೋಡುತ್ತಾನೆ.

"ಗೊತ್ತು ಅತ್ತೆ," ಎನ್ನುತ್ತಾಳೆ ಲಿಗಾಯಾ.

"ಏನು ಗೊತ್ತು?"

"ಟಿಕ್ ಅಂದಿದ್ದು. ಬೆಳಗಿಂದ ಸಂಜೆವರೆಗೂ ಟಿಕ್ ಟಿಕ್ ಅಂತ ಕೂತಿರೋಳು ನಾನು, ನನಗೆ ಕೇಳಿಸ್ದೇ ಇರುತ್ತಾ? ಇವನಿಗೂ ಕೇಳಿಸ್ತು."

ಫೆನ್ಯಾ ಬಾಯಿ ತೆರೆದು ನಿಂತವರು ಒಮ್ಮೆಲೇ ಉರಿದುಬಿದ್ದರು. "ಮತ್ತೆ ಹೇಳೋಕೆ ಏನಾಗಿತ್ತು ನಿಮಗೆ ದಾಡಿ? ಎಂಟು ತಿಂಗಳು! ಎಂಟು ತಿಂಗಳು ತಿಂದಿದ್ದು ಮೈಗೆ ಹತ್ತಿಲ್ಲ ನನಗೆ!"

"ಬಂದು ಹೋದೋರ ಮಾತು ಎತ್ತಬಾರ್ದು ಅಂತ ನಮಗೆ ಹೇಳಿಕೊಟ್ಟೋರು ಯಾರು?" ಎಂದ ಸಿರಿಲ್.

ಫೆನ್ಯಾ ಮೂಗು ಒರೆಸಿಕೊಂಡರು.

"ಈ ವರ್ಷ ಕಾವಲಿಗೆ ಯಾರನ್ನ ಹಾಕೋಣ ಅಂತ ಕಚೇರಿಯವರು ಏಪ್ರಿಲ್‌ನಲ್ಲಿ ಕೇಳಿದ್ರು," ಎಂದಳು ಲಿಗಾಯಾ. "ಇಬ್ರೂ ನಿಮ್ಮ ಹೆಸರೇ ಬರೆದ್ವಿ."

"ಖಾಲಿ ಕೋವಿ ಹಿಡಿದಿದ್ದು ಗೊತ್ತಿದ್ದೂ?"

"ಗೊತ್ತಿದ್ದೇ. ಟಿಕ್ ಅಂದ ಮೇಲೂ ನೀವು ಒಂದು ಹೆಜ್ಜೆ ಹಿಂದೆ ಇಡ್ಲಿಲ್ಲ ಅತ್ತೆ. ನಮ್ಮಿಬ್ಬರಿಗೂ ಅದಕ್ಕೂ ಮಧ್ಯೆ ಹಾಗೇ ನಿಂತಿದ್ರಿ."

"ಅಯ್ಯೋ ಹೋಗೇ!" ಫೆನ್ಯಾ ಮುಖ ಕೆಂಪಾಯಿತು. "ಹಿಂದೆ ಇಡೋಕೆ ಕಾಲು ಎಲ್ಲಿ ಬರ್ತಿತ್ತು? ಬೂಟು ಕೆಸರಲ್ಲಿ ಹೂತ್ಕೊಂಡಿತ್ತು." ಅಷ್ಟು ಹೇಳಿ, ತೋಟಾವನ್ನು ಕೊಳವೆಗೆ ತುರುಕಿ, ಮತ್ತೆ ಪೊದೆಗಳ ಕಡೆ ತಿರುಗಿ ನಿಂತರು.

ಊಟದ ಬಿಡುವಿನಲ್ಲಿ ಆ ದಿನ ಅವರು ನಿಂತಿದ್ದ ಜಾಗ ತೋರಿಸು ಎಂದು ಸಿರಿಲ್‌ನನ್ನು ಕೇಳಿದೆ. ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿದ. ನಾನು ಬೂಟಿನ ಹಿಮ್ಮಡಿಯಿಂದ ಒತ್ತಿದೆ, ಬಗ್ಗಿ ಕೈಯಿಂದ ಕೆದಕಿಯೂ ನೋಡಿದೆ. ಅಲ್ಲೆಲ್ಲ ಗಟ್ಟಿ ಜಲ್ಲಿಕಲ್ಲು. ಕೆಸರೆಂಬುದು ಎಲ್ಲೂ ಇಲ್ಲ.